ಐನ್‌ಮನೆಯ ಮದುವೆ, ಅರ್ಧ ಕಿತ್ತಳೆ ಮುಖ, ಮೂರು ಲಕ್ಷದ ಸಾಲ

ಪ್ರಶ್ನೆ: ಸರ್, ನಮ್ಮ ಮನೆ ಕೊಡಗಿನ ಪೊನ್ನಂಪೇಟೆ ಹತ್ತಿರ. ನಾನು 25 ವರ್ಷದ ಹುಡುಗಿ. ಬಿ.ಕಾಂ ಮುಗಿಸಿ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ಎರಡು ವರ್ಷದಿಂದ ಫೋಟೋ ತೆಗೆಯುತ್ತಿದ್ದೇನೆ. ತೋಟ, ಹಕ್ಕಿ, ಬೆಳಗಿನ ಮಂಜು ಎಲ್ಲ ಚೆನ್ನಾಗಿಯೇ ಬರುತ್ತದೆ. ಮೇ ತಿಂಗಳ ಕೊನೆಯಲ್ಲಿ ದೊಡ್ಡಪ್ಪನ ಮಗಳ ಮದುವೆ ಆಯಿತು. ನೀನೇ ತೆಗೆಯಬೇಕು ಎಂದು ಅಕ್ಕ ಹಟ ಮಾಡಿದಳು, ಒಪ್ಪಿಕೊಂಡೆ. ಈಗ ಅನುಭವಿಸುತ್ತಿದ್ದೇನೆ. ನಮ್ಮ ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ದೀಪದ ಮುಂದೆ ತೆಗೆದ ಫೋಟೋಗಳಲ್ಲಿ ಮುಖ ಅರ್ಧ ಕಿತ್ತಳೆ, ಅರ್ಧ ನೀಲಿ. ಹಾಲ್‌ನಲ್ಲಿ ಮುಹೂರ್ತದ ಫೋಟೋಗಳ ಮೇಲೆಲ್ಲ ಅಡ್ಡ ಪಟ್ಟೆ. ಭಾವನ ಬಿಳಿ ಕುಪ್ಯ (ಕೊಡವ ಗಂಡಸರ ನಿಲುವಂಗಿ) ಬೂದಿ ಬಣ್ಣಕ್ಕೆ ತಿರುಗಿದೆ, ಅಕ್ಕನ ಕೆಂಪು ಸೀರೆ ಬರೀ ಕೆಂಪು ಮುದ್ದೆ. ರಾತ್ರಿ, ಮದುಮಗಳು ನೀರು ಹೊರುವ ಗಂಗಾಪೂಜೆಯಲ್ಲಿ ಮುಂದೆ ಕುಣಿಯುತ್ತಿದ್ದವರು ಸುಣ್ಣ ಬಳಿದ ಹಾಗೆ, ಹಿಂದಿರುವ ಅಕ್ಕ ಕತ್ತಲಲ್ಲಿ, ನಡುವೆ ಬಿಳಿ ಉಂಡೆಗಳು. ಬೆಳಕು ತುಂಬ ಕಡಿಮೆ ಇತ್ತು ಸರ್. ನನ್ನದು ಸಣ್ಣ ಸೆನ್ಸರ್ ಕ್ಯಾಮೆರಾ, ಜೊತೆಗೆ ಬಂದ 18-55 ಲೆನ್ಸ್, ಒಂದು ಫ್ಲ್ಯಾಶ್. ದೊಡ್ಡ ಸೆನ್ಸರ್ ಇರುವ ಫುಲ್‌ಫ್ರೇಮ್ ಇಲ್ಲದೆ ಮದುವೆ ಕೆಲಸ ಆಗುವುದಿಲ್ಲ ಎಂದು ಪರಿಚಯದವರೊಬ್ಬರು ಹೇಳಿದರು. ಮೂರು ಲಕ್ಷ ಸಾಲಕ್ಕೆ ಅರ್ಜಿ ಹಾಕಿದ್ದೇನೆ. ಕೆಲಸ ಬಿಟ್ಟು ಇದಕ್ಕೇ ಇಳಿಯಲೇ? ಇಲ್ಲ, ಇದು ನನ್ನಿಂದ ಆಗುವ ಕೆಲಸ ಅಲ್ಲವೇ? ಅಕ್ಕನಿಗೆ ಇನ್ನೂ ಒಂದು ಫೋಟೋನೂ ಕೊಟ್ಟಿಲ್ಲ. ಅವಳ ಫೋನ್ ಬಂದರೆ ಎತ್ತಲು ಮನಸ್ಸಾಗುವುದಿಲ್ಲ.

ಉತ್ತರ: ನೀವು ಕಳಿಸಿದ ಹನ್ನೊಂದು ಫೋಟೋಗಳನ್ನೂ ದೊಡ್ಡ ಪರದೆಯಲ್ಲಿ ಇಟ್ಟುಕೊಂಡು ನೋಡಿದೆ. ಮೊದಲು ಸಾಲದ ಮಾತು. ಆ ಅರ್ಜಿ ವಾಪಸ್ ತೆಗೆದುಕೊಳ್ಳಿ. ಕೆಲಸವನ್ನೂ ಈಗ ಬಿಡಬೇಡಿ. ಇದು ನಿಮ್ಮಿಂದ ಆಗುವ ಕೆಲಸವೇ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಪತ್ರದಲ್ಲಿ "ಬೆಳಕು ತುಂಬ ಕಡಿಮೆ ಇತ್ತು" ಎಂದಿದ್ದೀರಿ. ಪ್ರತಿ ಫೈಲಿನ ಒಳಗಿರುವ ಮಾಹಿತಿ ತೆರೆದು ನೋಡಿದೆ. ಹನ್ನೊಂದರಲ್ಲಿ ಎರಡಕ್ಕೆ ಮಾತ್ರ ನಿಜವಾಗಿ ಬೆಳಕು ಸಾಲದೆ ಹೋಗಿದೆ. ಉಳಿದ ಒಂಬತ್ತರಲ್ಲಿ ಬೇಕಾದಷ್ಟು ಬೆಳಕಿದೆ. ಆದರೆ ಅದು ಬೆರಕೆ ಬೆಳಕು, ಇಲ್ಲವೇ ಮಿಣುಕುವ ಬೆಳಕು, ಇಲ್ಲವೇ ತಪ್ಪು ಜಾಗದಿಂದ ಬಂದ ಬೆಳಕು. ಇವು ಬೇರೆ ಬೇರೆ ಕಾಯಿಲೆಗಳು. ಎಲ್ಲದಕ್ಕೂ "ಕಡಿಮೆ ಬೆಳಕು" ಎಂಬ ಒಂದೇ ಹೆಸರು ಕೊಟ್ಟರೆ ಮದ್ದೂ ಒಂದೇ ಕಾಣುತ್ತದೆ: ದುಬಾರಿ ಕ್ಯಾಮೆರಾ. ಅದನ್ನು ತಂದಿದ್ದರೂ ಆ ಒಂಬತ್ತು ಫೋಟೋ ಹೀಗೇ ಬರುತ್ತಿದ್ದವು.

ಐನ್‌ಮನೆಯ ಫೋಟೋದಿಂದ ಶುರು ಮಾಡೋಣ. ಅಕ್ಕ ನೆಲ್ಲಕ್ಕಿಯ, ಅಂದರೆ ನಡುಮನೆಯ, ದೀಪದ ಮುಂದೆ ಕೈಮುಗಿದು ನಿಂತಿದ್ದಾರೆ. ದೀಪದ ಕಡೆಯ ಕೆನ್ನೆ ಕಿತ್ತಳೆ, ಬಾಗಿಲ ಕಡೆಯ ಕೆನ್ನೆ ನೀಲಿ, ಹಣೆಯಲ್ಲಿ ಟ್ಯೂಬ್‌ಲೈಟಿನ ತೆಳು ಹಸಿರು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಅಂಕಿ ಇಳಿದಷ್ಟೂ ಕೆಂಪು-ಹಳದಿ, ಏರಿದಷ್ಟೂ ನೀಲಿ. ಎಣ್ಣೆ ದೀಪ ಸುಮಾರು 1,900. ಹಳೆ ಕಾಲದ ತಂತಿ ಬಲ್ಬ್ ಸುಮಾರು 2,700. ಫ್ಲ್ಯಾಶ್ 5,500ರ ಹತ್ತಿರ. ಮೋಡ ಕವಿದ ದಿನ ಬಾಗಿಲಿಂದ ಒಳಗೆ ಬರುವ ಬೆಳಕು 6,500 ದಾಟಿರುತ್ತದೆ. ನಮ್ಮ ಕಣ್ಣಿಗೆ ಇದು ಗೊತ್ತೇ ಆಗುವುದಿಲ್ಲ. ಮಿದುಳು ಸದ್ದಿಲ್ಲದೆ ಸರಿ ಮಾಡಿಕೊಳ್ಳುತ್ತದೆ. ಕ್ಯಾಮೆರಾಗೆ ಒಂದು ಫೋಟೋಗೆ ಒಂದೇ ವೈಟ್ ಬ್ಯಾಲೆನ್ಸ್, ಅಂದರೆ ಯಾವ ಬೆಳಕನ್ನು ಬಿಳಿ ಎಂದುಕೊಳ್ಳಬೇಕು ಎಂಬ ಒಂದೇ ಲೆಕ್ಕ. ಕಿತ್ತಳೆ ಸರಿ ಮಾಡಿದರೆ ನೀಲಿ ಜಾಸ್ತಿ ಆಗುತ್ತದೆ, ನೀಲಿ ಸರಿ ಮಾಡಿದರೆ ಕಿತ್ತಳೆ ಉಕ್ಕುತ್ತದೆ.

ಆಮೇಲೆ ಕಂಪ್ಯೂಟರಿನಲ್ಲಿ ಸರಿ ಮಾಡಬಹುದು ಎಂಬ ಮಾತು ಅರ್ಧ ಸತ್ಯ. ಇಡೀ ಫೋಟೋ ಒಂದೇ ಕಡೆ ವಾಲಿದ್ದರೆ ಹತ್ತು ಸೆಕೆಂಡಿನ ಕೆಲಸ. ಒಂದೇ ಮುಖದಲ್ಲಿ ಮೂರು ಬಣ್ಣ ಇದ್ದರೆ ಕೆನ್ನೆ ಕೆನ್ನೆ ಬೇರೆ ಮಾಡಿ ಕೂರಬೇಕು. ಆರುನೂರು ಫೋಟೋಗೆ ಅದು ಆಗುವ ಮಾತಲ್ಲ.

ಅಲ್ಲಿ ಮಾಡಬೇಕಿದ್ದುದು ಸುಲಭದ ಕೆಲಸ: ಇರುವ ಬೆಳಕುಗಳಲ್ಲಿ ಒಂದನ್ನು ಉಳಿಸಿಕೊಂಡು ಬೇರೆಯದನ್ನು ಆರಿಸುವುದು. ಯಾವುದು ಉಳಿಯಬೇಕು? ಐನ್‌ಮನೆಯಲ್ಲಿ ಈ ಪ್ರಶ್ನೆಯೇ ಬೇಡ. ಆ ಮನೆಯ ಉಸಿರೇ ಆ ದೀಪ. ಹಿರಿಯರ ಹತ್ತಿರ ಹೋಗಿ, "ಅಜ್ಜಾ, ಐದು ನಿಮಿಷ ಈ ಟ್ಯೂಬ್‌ಲೈಟ್ ಆರಿಸಬಹುದಾ?" ಎಂದು ಕೇಳಿ. ಈ ಪ್ರಶ್ನೆಗೆ ಬೇಡ ಎಂದವರನ್ನು ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ. ನಾವು ಕೇಳುವುದೇ ಇಲ್ಲ, ಅಷ್ಟೆ. ಹೇಳದೆ ಸ್ವಿಚ್ ಮುಟ್ಟಿದರೆ ಮಾತ್ರ ತಪ್ಪಾಗುತ್ತದೆ. ದೀಪಕ್ಕೂ ಜನರಿಗೂ ನಡುವೆ ನಿಲ್ಲುವುದು, ಚಪ್ಪಲಿ ಹಾಕಿಕೊಂಡು ಒಳಗೆ ಹೋಗುವುದು ಕೂಡ ಹಾಗೆಯೇ. ನಿಮಗೆ ಅದನ್ನು ನಾನು ಹೇಳಬೇಕಾಗಿಲ್ಲ. ಹೊರಗಿನಿಂದ ಬರುವ ಫೋಟೋಗ್ರಾಫರ್‌ಗಳಿಗಿಂತ ನೀವು ಮುಂದಿರುವುದು ಇಲ್ಲೇ.

ನಾನು ಇದನ್ನು ಕಲಿತದ್ದು ಕರೆಂಟ್ ಹೋದಾಗ. ಕೆಲಸ ಶುರು ಮಾಡಿ ನಾಲ್ಕೈದು ವರ್ಷ ಆಗಿತ್ತು. ನಾಪೋಕ್ಲು ಕಡೆಯ ಒಂದು ಹಳೆ ಮನೆ. ಮದುಮಗಳನ್ನು ಮುಕ್ಕಾಲಿಯ ಮೇಲೆ ಕೂರಿಸಿದ್ದರು. ನನ್ನ ಎರಡು ದೊಡ್ಡ ಲೈಟುಗಳು ಉರಿಯುತ್ತಿದ್ದವು. ಒಮ್ಮೆಲೇ ಎಲ್ಲ ಆರಿತು. ಯಾರೂ ಗಾಬರಿ ಆಗಲಿಲ್ಲ. ಶಾಸ್ತ್ರ ನಡೆಯುತ್ತಲೇ ಇತ್ತು. ತೂಗುದೀಪದ ಬೆಳಕು ಒಂದು ಕಡೆ, ಕೈಯಾಲೆಯ, ಅಂದರೆ ಮುಂದಿನ ಜಗಲಿಯ, ಬಾಗಿಲಿನಿಂದ ಬೆಳಗಿನ ಬೆಳಕು ಇನ್ನೊಂದು ಕಡೆ. ಒಬ್ಬ ಅಜ್ಜಿ ಬಂದರು. ಮಂಡಿಗೆ, ಹೆಗಲಿಗೆ, ತಲೆಗೆ ಅಕ್ಕಿ ಹಾಕಿ, ಹಾಲಿನ ಕಿಂಡಿಯನ್ನು (ಮೂತಿಯಿರುವ ಸಣ್ಣ ಪಾತ್ರೆ) ಮದುಮಗಳ ತುಟಿಗೆ ಹಿಡಿದರು. ಕೈ ನಡುಗುತ್ತಿತ್ತು. ಕಿಂಡಿಯ ಮೂತಿಯಿಂದ ಒಂದು ಹನಿ ಹಾಲು ಗಲ್ಲಕ್ಕೆ ಇಳಿಯಿತು. ಅಜ್ಜಿ ತಮ್ಮ ಸೀರೆಯ ಸೆರಗಿನಲ್ಲಿ ಅದನ್ನು ಒರೆಸಿದರು. ಲೈಟ್ ಇಲ್ಲ, ನನಗೆ ಬೇರೆ ದಾರಿಯೂ ಇಲ್ಲ. ಬಾಗಿಲಿನ ಬೆಳಕು ಮುಖಕ್ಕೆ ಬೀಳುವ ಕಡೆಗೆ ಸರಿದು ಕೂತೆ. ವೈಟ್ ಬ್ಯಾಲೆನ್ಸ್ ಬಾಗಿಲಿನ ಬೆಳಕಿಗೆ ಇಟ್ಟೆ. ದೀಪ ಹಿಂದೆ ತನ್ನ ಪಾಡಿಗೆ ಹೊನ್ನಿನ ಬಣ್ಣದಲ್ಲಿ ಉಳಿಯಿತು. ಕೂದಲಿನಲ್ಲಿ ಸಿಕ್ಕಿಕೊಂಡ ಎರಡು ಅಕ್ಕಿಕಾಳು ಕೂಡ ಆ ಫೋಟೋದಲ್ಲಿ ಕಾಣುತ್ತವೆ. ನನ್ನ ಎರಡು ದೊಡ್ಡ ಲೈಟುಗಳಿದ್ದಾಗ ತೆಗೆದ ಒಂದು ಫೋಟೋನೂ ಅದರ ಹತ್ತಿರ ಬರಲಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಅಲ್ಲಿಯೂ ಎರಡು ಬಣ್ಣದ ಬೆಳಕಿತ್ತು. ಆದರೆ ಮುಖದ ಮೇಲೆ ಬಿದ್ದದ್ದು ಒಂದೇ. ಇನ್ನೊಂದು ಹಿನ್ನೆಲೆಯಲ್ಲಿತ್ತು. ಮುಖದಲ್ಲಿ ಬೆರಕೆ ಆಗದಿದ್ದರೆ ಸಾಕು, ಹಿಂದೆ ಬಣ್ಣ ಇದ್ದರೆ ಅದು ಚೆಂದವೇ.

ಐನ್‌ಮನೆಯಲ್ಲಿ ಫ್ಲ್ಯಾಶ್ ಹಾಕಲೇಬೇಕಾದರೆ ಚಾವಣಿಗೆ ತಿರುಗಿಸಬೇಡಿ. ಬಿಳಿ ಚಾವಣಿಗೆ ಹೊಡೆದ ಬೆಳಕು ಮೃದುವಾಗಿ ಕೆಳಗೆ ಬರುತ್ತದೆ ಎಂದು ಎಲ್ಲರೂ ಕಲಿಸುತ್ತಾರೆ. ನಮ್ಮ ಹಳೆ ಮನೆಗಳ ಚಾವಣಿ ಮರದ್ದು, ಹೊಗೆ ಹಿಡಿದು ಕಪ್ಪಾದದ್ದು. ಹೆಚ್ಚಿನ ಬೆಳಕನ್ನು ಅದು ನುಂಗಿಬಿಡುತ್ತದೆ. ವಾಪಸ್ ಬರುವ ಅಷ್ಟಿಷ್ಟು ಕೂಡ ಕಂದು ಬಣ್ಣ ಹೊತ್ತು ಬರುತ್ತದೆ. ಶಾಮಿಯಾನದಲ್ಲೂ ಇದೇ ಕಥೆ. ಹಳದಿ ಬಟ್ಟೆಗೆ ಹೊಡೆದರೆ ಇಡೀ ಕುಟುಂಬಕ್ಕೆ ಕಾಮಾಲೆ ಬಂದ ಹಾಗೆ ಕಾಣುತ್ತದೆ. ಪಕ್ಕದಲ್ಲಿ ಸುಣ್ಣದ ಗೋಡೆ ಇದ್ದರೆ ಅದಕ್ಕೆ ಹೊಡೆಯಿರಿ. ಇಲ್ಲದಿದ್ದರೆ ಒಂದು ಥರ್ಮಾಕೋಲ್ ಹಲಗೆ ಹಿಡಿದು ನಿಲ್ಲಲು ತಮ್ಮನಿಗೋ ತಂಗಿಗೋ ಹೇಳಿ. ಫ್ಲ್ಯಾಶಿನ ಬಾಯಿಗೆ ಒಂದು ಕಿತ್ತಳೆ ಬಣ್ಣದ ಪಾರದರ್ಶಕ ಜೆಲ್ ಹಾಳೆ ಕಟ್ಟಿದರೆ ಅದರ ಬೆಳಕು ಬಲ್ಬಿನ ಬೆಳಕಿನ ಬಣ್ಣಕ್ಕೆ ಹತ್ತಿರ ಬರುತ್ತದೆ. ಆಗ ಬೆರಕೆ ಕಡಿಮೆ ಆಗುತ್ತದೆ. ಆ ಹಾಳೆಗೆ ಖರ್ಚು ತೀರಾ ಕಡಿಮೆ.

ಇನ್ನು ಹಾಲ್‌ನ ಪಟ್ಟೆಗಳು. ಇದಕ್ಕೂ ಬೆಳಕಿನ ಪ್ರಮಾಣಕ್ಕೂ ಸಂಬಂಧವೇ ಇಲ್ಲ. ನಮ್ಮ ಕರೆಂಟ್ 50 ಹರ್ಟ್ಸ್. ಆ ಕರೆಂಟಿನಲ್ಲಿ ಉರಿಯುವ ಸಾಧಾರಣ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಜಾಸ್ತಿ-ಕಡಿಮೆ ಆಗುತ್ತಿರುತ್ತವೆ. ಕಣ್ಣಿಗೆ ತಿಳಿಯುವುದಿಲ್ಲ. ನಿಮ್ಮ ಫೋಟೋ ಸೆಕೆಂಡಿನ 1/250 ಭಾಗದ ಶಟರ್ ವೇಗದಲ್ಲಿ ತೆಗೆದದ್ದು, ಅದೂ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನಲ್ಲಿ. ಶಾಸ್ತ್ರಕ್ಕೆ ತೊಂದರೆ ಆಗಬಾರದು ಎಂದು ಸದ್ದು ನಿಲ್ಲಿಸಿದ್ದೀರಿ, ಯೋಚನೆ ಒಳ್ಳೆಯದೇ. ಆದರೆ ಹೆಚ್ಚಿನ ಕ್ಯಾಮೆರಾಗಳಲ್ಲಿ ಆ ಶಟರ್ ಚಿತ್ರವನ್ನು ಒಂದೇ ಬಾರಿಗೆ ಓದುವುದಿಲ್ಲ, ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಒಂದು ಸಾಲು ಓದುವಾಗ ದೀಪ ಪ್ರಕಾಶವಾಗಿತ್ತು, ಮುಂದಿನದಕ್ಕೆ ಮಂಕಾಗಿತ್ತು. ಅದೇ ಆ ಪಟ್ಟೆ.

ಕೂತಿರುವ ಜನರಿಗೆ 1/100 ಅಥವಾ 1/50 ಇಟ್ಟು ಮೆಕ್ಯಾನಿಕಲ್ ಶಟರ್ ಬಳಸಿ. 1/100 ಅಂದರೆ ಆ ಮಿಣುಕಿನ ಒಂದು ಪೂರ್ತಿ ಸುತ್ತು, ಎಲ್ಲ ಸಾಲಿಗೂ ಸಮ ಬೆಳಕು ಸಿಗುತ್ತದೆ. ನಿಮ್ಮ ಕ್ಯಾಮೆರಾದ ಮೆನುವಿನಲ್ಲಿ ಆ್ಯಂಟಿ-ಫ್ಲಿಕರ್ ಎಂದಿದ್ದರೆ ಆನ್ ಮಾಡಿ. ಅಪಾಯ ಏನೆಂದರೆ, 1/50ರಲ್ಲಿ ಕೈ ಆಡಿಸಿದರೆ ಕೈ ಕದಡುತ್ತದೆ. ಕಿಂಡಿ ಹಿಡಿದ ಕೈ ತುಟಿ ತಲುಪಿ ನಿಂತ ಆ ಅರೆಗಳಿಗೆಗೆ ಕಾಯಬೇಕು. ಜನರೇಟರ್ ಓಡುವಾಗ ಈ 50 ಸ್ವಲ್ಪ ಆಚೀಚೆ ಆಗುವುದುಂಟು. ವೇದಿಕೆಯ ಬಣ್ಣದ ಪಾರ್ ಲೈಟ್, ಎಲ್‌ಇಡಿ ಪರದೆಗಳಿಗಂತೂ ಬೇರೆಯದೇ ತಾಳ. ಅದಕ್ಕೆ ಲೆಕ್ಕ ಹಾಕಿ ಉಪಯೋಗ ಇಲ್ಲ. ಹಿಂದಿನ ದಿನ ಸಂಜೆ ಲೈಟಿನವರು ಜೋಡಿಸುವಾಗ ಹೋಗಿ, ಬೇರೆ ಬೇರೆ ಶಟರ್ ವೇಗದಲ್ಲಿ ಹತ್ತು ಫೋಟೋ ತೆಗೆದು ನೋಡಿ. ಯಾವುದರಲ್ಲಿ ಪಟ್ಟೆ ಇಲ್ಲವೋ ಅದನ್ನು ಬರೆದಿಟ್ಟುಕೊಳ್ಳಿ. ಅವರಿಗೆ ಒಂದು ಮಾತು ಹೇಳಿ: ಮುಹೂರ್ತದ ಹೊತ್ತಿನಲ್ಲಿ ನೇರಳೆ ಲೈಟ್ ಮುಖಕ್ಕೆ ಬೇಡ, ಹಿಂದಿನ ಗೋಡೆಗೆ ತಿರುಗಿಸಿ. ವಿಡಿಯೋದವರ ಹತ್ತಿರವೂ ಅವರ ಎಲ್‌ಇಡಿ ಎಲ್ಲಿ ನಿಲ್ಲುತ್ತದೆ ಎಂದು ಕೇಳಿಟ್ಟುಕೊಳ್ಳಿ. ಅದು ಎದುರಿಗೆ ಬದಲು ಒಂದು ಪಕ್ಕಕ್ಕೆ ನಿಂತರೆ ನಿಮಗೂ ಒಳ್ಳೆಯದು, ಅವರಿಗೂ ಒಳ್ಳೆಯದು. ಇದು ಜಗಳ ಮಾಡಿ ಆಗುವ ಕೆಲಸ ಅಲ್ಲ, ಜೊತೆಗೆ ಕೂತು ಕಾಫಿ ಕುಡಿದರೆ ಆಗುತ್ತದೆ.

ಬಿಳಿ ಕುಪ್ಯ ಬೂದಿ ಆದದ್ದು ಕ್ಯಾಮೆರಾದ ಹುಟ್ಟುಗುಣ. ಮುಂದೆ ಏನಿದ್ದರೂ ಅದನ್ನು ಮಧ್ಯಮ ಬೂದಿ ಎಂದುಕೊಂಡೇ ಅದು ಬೆಳಕು ಅಳೆಯುತ್ತದೆ. ಫ್ರೇಮ್ ತುಂಬ ಮದುಮಗನ ಬಿಳಿ ಕುಪ್ಯ ಇದ್ದರೆ "ಬೆಳಕು ಜಾಸ್ತಿ ಆಯಿತು" ಎಂದು ತಗ್ಗಿಸುತ್ತದೆ, ಮುಖವೂ ಜೊತೆಗೆ ಕಪ್ಪಾಗುತ್ತದೆ. ಪಕ್ಕದಲ್ಲಿ ಕಪ್ಪು ಕುಪ್ಯ ತೊಟ್ಟ ಹತ್ತು ಜನ ನಿಂತರೆ ಉಲ್ಟಾ. ಕತ್ತಲೆ ಎಂದುಕೊಂಡು ಏರಿಸುತ್ತದೆ, ಮುಖಗಳು ಸುಟ್ಟುಹೋಗುತ್ತವೆ. ಕೊಡವರ ಮದುವೆಯಲ್ಲಿ ಈ ಎರಡೂ ಒಂದೇ ನಿಮಿಷದಲ್ಲಿ ಎದುರಾಗುತ್ತವೆ. ಅದಕ್ಕೇ ಆಟೋ ಮೋಡ್ ನಂಬಬೇಡಿ. ಮ್ಯಾನುಯಲ್‌ಗೆ ಹಾಕಿ, ಮುಖಕ್ಕೆ ಬೆಳಕು ಸರಿ ಮಾಡಿ, ಹಾಲ್‌ನ ಬೆಳಕು ಬದಲಾಗುವವರೆಗೆ ಅದನ್ನು ಮುಟ್ಟಬೇಡಿ. ಬಟ್ಟೆ ಯಾವ ಬಣ್ಣದ್ದಾದರೂ ಮುಖದ ಮೇಲಿನ ಬೆಳಕು ಅಷ್ಟೇ ಇರುತ್ತದಲ್ವಾ?

ಸೀರೆಯದು ಸ್ವಲ್ಪ ಸೂಕ್ಷ್ಮ. ನಿಮ್ಮ ಫೋಟೋದಲ್ಲಿ ಅಕ್ಕನ ಮುಖ ಸರಿಯಾಗಿದೆ, ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆ, ಅಂದರೆ ಹಿಸ್ಟೋಗ್ರಾಮ್ ಕೂಡ ಸರಿ ಕಂಡಿರುತ್ತದೆ. ಆದರೂ ಸೀರೆಯ ನೇಯ್ಗೆ, ಮಡಿಕೆ, ಜರಿಯ ಎಳೆ ಒಂದೂ ಇಲ್ಲ. ಕ್ಯಾಮೆರಾ ಕೆಂಪು, ಹಸಿರು, ನೀಲಿ ಮೂರನ್ನು ಬೇರೆ ಬೇರೆ ಹಿಡಿಯುತ್ತದೆ. ಗಾಢ ಕೆಂಪು ರೇಷ್ಮೆಯ ಮೇಲೆ ಹಳದಿ ಬಲ್ಬಿನ ಬೆಳಕು ಬಿದ್ದರೆ ಕೆಂಪು ಒಂದೇ ತುಂಬಿ ಚೆಲ್ಲುತ್ತದೆ. ಉಳಿದ ಎರಡು ಕಡಿಮೆ ಇರುವುದರಿಂದ ಸರಾಸರಿ ಅಂಕಿ ಸರಿ ಇದೆ ಎಂದೇ ತೋರಿಸುತ್ತದೆ. ಮೂರೂ ಬಣ್ಣ ಬೇರೆಯಾಗಿ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಮ್ ಹಾಕಿಕೊಳ್ಳಿ. ಕೆಂಪು ಗೆರೆ ಬಲಗಡೆ ಗೋಡೆಗೆ ಅಂಟಿದ್ದರೆ ಮೂರನೇ ಎರಡು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ, ಏರಿಸಿದರೆ ಎರಡು ಪಟ್ಟು). ವಿವಿಡ್ ಎಂಬ ಬಣ್ಣದ ಮೋಡ್ ಆ ದಿನ ಮುಟ್ಟಲೇಬೇಡಿ. ಆ ಸೀರೆಯನ್ನು ಅಕ್ಕ ಎಷ್ಟು ದಿನ ಹುಡುಕಿ ಆರಿಸಿದ್ದಾರೋ, ಅದರ ಒಂದು ಎಳೆಯಾದರೂ ಕಾಣಬೇಕು.

ಗಂಗಾಪೂಜೆಗೆ ಬರೋಣ. ಬೆಳಕು ನಿಜವಾಗಿ ಸಾಲದೆ ಹೋದ ಎರಡು ಫೋಟೋಗಳು ಇಲ್ಲಿಯವು. ಇದು ನಿಜಕ್ಕೂ ಕಷ್ಟದ ಜಾಗ. ಅನುಭವ ಇದ್ದವರೂ ಇಲ್ಲಿ ಎಡವುತ್ತಾರೆ. ರಾತ್ರಿ, ಮಂಜು, ವಾಲಗ. ಮದುಮಗಳು ತಲೆ ಮೇಲೆ ನೀರು ಹೊತ್ತು ನಿಂತಿದ್ದಾಳೆ. ಗಂಡಿನ ಕಡೆಯವರು ಕುಣಿಯುತ್ತಾ ದಾರಿ ಬಿಡುವುದಿಲ್ಲ. ನೀವು ಕುಣಿಯುವವರ ಎದುರು ನಿಂತು ಕ್ಯಾಮೆರಾ ಮೇಲಿನ ಫ್ಲ್ಯಾಶ್ ನೇರ ಹೊಡೆದಿದ್ದೀರಿ. ಕುಣಿಯುವವರು ಎರಡು ಮೀಟರ್ ದೂರ, ಅಕ್ಕ ಆರು ಮೀಟರ್ ಎಂದು ಇಟ್ಟುಕೊಳ್ಳೋಣ. ದೂರ ಮೂರು ಪಟ್ಟು ಆದರೆ ಬೆಳಕು ಒಂಬತ್ತನೇ ಒಂದು ಪಾಲು. ಎಷ್ಟು ದೊಡ್ಡ ಫ್ಲ್ಯಾಶ್ ತಂದರೂ ಈ ಲೆಕ್ಕ ಬದಲಾಗುವುದಿಲ್ಲ. ಆ ಬಿಳಿ ಉಂಡೆಗಳು ಮಂಜಿನ ಹನಿಗಳು. ಲೆನ್ಸಿನ ಮುಂದೆಯೇ ತೇಲುವ ಹನಿಗೆ ಪಕ್ಕದಿಂದಲೇ ಫ್ಲ್ಯಾಶ್ ಬಿದ್ದರೆ ಅದು ಹೊಳೆಯುತ್ತದೆ, ಫೋಕಸ್ ಇಲ್ಲದ್ದರಿಂದ ಉಂಡೆಯಾಗಿ ಹರಡುತ್ತದೆ.

ಫ್ಲ್ಯಾಶ್ ಕ್ಯಾಮೆರಾದಿಂದ ಇಳಿಯಬೇಕು. ಒಂದು ಕೋಲಿಗೆ ಕಟ್ಟಿ, ದೂರದಿಂದಲೇ ಫ್ಲ್ಯಾಶ್ ಹೊಡೆಸುವ ರೇಡಿಯೋ ಟ್ರಿಗರ್ ಹಾಕಿ, ಯಾರಾದರೂ ಒಬ್ಬರು ಅಕ್ಕನ ಓರೆಯಾಗಿ ಹಿಂದೆ ಎರಡು ಹೆಜ್ಜೆ ದೂರದಲ್ಲಿ ಎತ್ತರಕ್ಕೆ ಹಿಡಿದು ನಡೆಯಲಿ. ಆಗ ಅದೇ ಮಂಜು ನಿಮ್ಮ ನೆರವಿಗೆ ಬರುತ್ತದೆ. ಅವರ ಸುತ್ತ ಬೆಳಕಿನ ಪ್ರಭಾವಳಿ ಕಟ್ಟುತ್ತದೆ, ಮುಂದೆ ಕುಣಿಯುವವರು ನೆರಳಿನ ಆಕಾರಗಳಾಗುತ್ತಾರೆ. ಮುಖಕ್ಕೆ ಅಲ್ಲಿರುವ ಬಲ್ಬಿನ ಬೆಳಕು ಸಾಕು, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯಾದ ಐಎಸ್‌ಒ 3200ಕ್ಕೆ ಏರಿಸಿ. ಅಪಾಯವೂ ಇದೆ. ಹಿಡಿದವನು ಕುಣಿತಕ್ಕೆ ಮನಸ್ಸು ಕೊಟ್ಟರೆ ಫ್ಲ್ಯಾಶ್ ಆಕಾಶ ನೋಡುತ್ತದೆ. ಮಳೆ ಹನಿದರೆ ಅದಕ್ಕೊಂದು ಪ್ಲಾಸ್ಟಿಕ್ ಚೀಲ ಕಟ್ಟಬೇಕು. ಬ್ಯಾಟರಿ ಎರಡು ಜೊತೆ ಜಾಸ್ತಿ ಇರಲಿ. ಈ ಕುಣಿತ ಯಾವಾಗ ಮುಗಿಯುತ್ತದೆ ಎಂದು ಯಾರೂ ಹೇಳಲಾರರು.

ಐಎಸ್‌ಒ 800 ದಾಟಬಾರದು ಎಂದು ನಿಮಗೂ ಯಾರೋ ಹೇಳಿರಬೇಕು. ಗಂಗಾಪೂಜೆಯ ಫೋಟೋಗಳೆಲ್ಲ 800ರಲ್ಲೇ ಇವೆ. ಇದು ಹಳೆ ಕಾಲದ ಮಾತು. 800ರಲ್ಲಿ ಕಪ್ಪಾಗಿ ತೆಗೆದು ಆಮೇಲೆ ಬೆಳಗಿಸಿದರೆ ಬರುವ ಕಾಳು ಕಾಳು, 3200ರಲ್ಲಿ ಸರಿಯಾಗಿ ತೆಗೆದದ್ದಕ್ಕಿಂತ ಕೆಟ್ಟದಾಗಿಯೇ ಇರುತ್ತದೆ. ಕಾಳು ಇರುವ ಫೋಟೋವನ್ನು ಆಲ್ಬಂನಲ್ಲಿ ಯಾರೂ ಗಮನಿಸುವುದಿಲ್ಲ. ಕದಡಿದ ಮುಖವನ್ನು ಎಲ್ಲರೂ ಗಮನಿಸುತ್ತಾರೆ.

ತೋಟದ ಒಳಗೆ ಜೋಡಿಯ ಫೋಟೋ ತೆಗೆಯುವಾಗ ಎಲೆಗಳ ಹಸಿರು ಮುಖಕ್ಕೆ ಬರುತ್ತದೆ, ಸಿಲ್ವರ್ ಓಕ್ ನಡುವಿನ ಬಿಸಿಲು ಮುಖದ ಮೇಲೆ ಚುಕ್ಕೆ ಹಾಕುತ್ತದೆ. ಮರಗಳ ಅಂಚಿಗೆ, ದಾರಿಯ ಕಡೆ ಮುಖ ಮಾಡಿ ನಿಲ್ಲಿಸಿ. ಸಾಕು.

ಈಗ ಮೂರು ಲಕ್ಷದ ಮಾತು. ಫುಲ್‌ಫ್ರೇಮ್ ಸೆನ್ಸರ್ ನಿಮ್ಮ ಸಣ್ಣ ಸೆನ್ಸರ್‌ಗಿಂತ ಸುಮಾರು ಎರಡೂಕಾಲರಿಂದ ಎರಡೂವರೆ ಪಟ್ಟು ದೊಡ್ಡದು. ಕತ್ತಲಲ್ಲಿ ಅದರಿಂದ ಸಿಗುವ ಲಾಭ ಹೆಚ್ಚು ಕಡಿಮೆ ಒಂದು ಸ್ಟಾಪಿನಷ್ಟು. ನಿಮ್ಮ 18-55 ಲೆನ್ಸನ್ನು ಜೂಮ್ ಮಾಡಿದಾಗ ಅದರ ಬಾಯಿ ಎಫ್ 5.6ಕ್ಕೆ ಕಿರಿದಾಗುತ್ತದೆ. ಈ ಅಂಕಿ ಇಳಿದಷ್ಟೂ ಬಾಯಿ ಅಗಲ. ಆ ಲೆನ್ಸಿನ ಬದಲು ಎಫ್ 1.8 ಲೆನ್ಸ್ ಹಾಕಿದರೆ ಒಳಗೆ ಬರುವ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟು. ಅಂದರೆ ಮೂರು ಸ್ಟಾಪಿಗೂ ಮೇಲೆ. 50 ಎಂಎಂ ಎಫ್ 1.8 ಲೆನ್ಸ್ ಕೆಲವು ಕಂಪನಿಗಳದ್ದು ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಮೂರು ಲಕ್ಷಕ್ಕೆ ಒಂದು ಸ್ಟಾಪ್, ಇಪ್ಪತ್ತು ಸಾವಿರಕ್ಕೆ ಮೂರು. ನೀವು ಬಿ.ಕಾಂ ಓದಿದವರು, ಈ ಲೆಕ್ಕ ನಿಮಗೇ ಬಿಟ್ಟೆ. ನಿಮ್ಮ ಕ್ಯಾಮೆರಾದಲ್ಲಿ 50 ಸ್ವಲ್ಪ ಜಾಸ್ತಿ ಹತ್ತಿರ ಎಳೆಯುತ್ತದೆ. ಐನ್‌ಮನೆಯ ಇಕ್ಕಟ್ಟಿಗೆ 35 ಎಂಎಂ ಒಳ್ಳೆಯದು. ಎಫ್ 1.8ರಲ್ಲಿ ಫೋಕಸ್ ತೀರಾ ತೆಳು ಎಂಬುದು ಮರೆಯಬೇಡಿ. ಮದುಮಗಳ ಕಣ್ಣು ಸ್ಪಷ್ಟ, ಹಿಂದೆ ಅರ್ಧ ಅಡಿ ಸರಿದು ನಿಂತ ಅಮ್ಮನ ಮುಖ ಮಂಜು. ಇಬ್ಬರಿದ್ದರೆ ಎಫ್ 2.8, ಗುಂಪಿಗೆ 5.6 ಇಡಿ.

ಒಂದು ಲೆನ್ಸ್, ಒಂದು ಟ್ರಿಗರ್, ಇನ್ನೊಂದು ಸಾಧಾರಣ ಫ್ಲ್ಯಾಶ್. ಇಷ್ಟು ಸಾಕು ಶುರುವಿಗೆ. ದೊಡ್ಡ ಕ್ಯಾಮೆರಾ ಬೇಕೆನಿಸಿದ ದಿನ ಮೈಸೂರಿನಿಂದ ಬಾಡಿಗೆಗೆ ತನ್ನಿ. ಬಾಡಿಗೆಯ ಕ್ಯಾಮೆರಾದ ಅಪಾಯ ಎಂದರೆ ಅದರ ಗುಂಡಿಗಳು ಬೆರಳಿಗೆ ಪರಿಚಯ ಇರುವುದಿಲ್ಲ. ಎರಡು ದಿನ ಮೊದಲೇ ತಂದು ಮನೆಯಲ್ಲಿ ಬಳಸಿ ನೋಡಬೇಕು. ಸಾಲದ ಅಪಾಯ ಬೇರೆ ತರಹದ್ದು. ನಮ್ಮಲ್ಲಿ ಮಳೆಗಾಲಕ್ಕೆ ಕೆಲಸ ನಿಲ್ಲುತ್ತದೆ. ಕಕ್ಕಡ ತಿಂಗಳಲ್ಲಂತೂ (ಜುಲೈ-ಆಗಸ್ಟ್) ಮದುವೆಯೇ ಇಲ್ಲ. ಕಂತು ಮಾತ್ರ ಪ್ರತಿ ತಿಂಗಳೂ ಬರುತ್ತದೆ. ಕಂತು ಕಟ್ಟಲು ಸಿಕ್ಕ ಸಿಕ್ಕ ಕೆಲಸ ಒಪ್ಪಿಕೊಂಡು, ಒಂದೇ ದಿನ ಎರಡು ಕಡೆ ಮಾತು ಕೊಟ್ಟು ಹೆಸರು ಕೆಡಿಸಿಕೊಂಡ ಹುಡುಗರನ್ನು ಕಂಡಿದ್ದೇನೆ. ಅವರಲ್ಲಿ ಕೆಲವರು ನನಗಿಂತ ಚೆನ್ನಾಗಿ ಫೋಟೋ ತೆಗೆಯುತ್ತಿದ್ದರು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗಾದರೆ ಶುರು ಹೇಗೆ? ಕೆಲಸದಲ್ಲಿ ಇದ್ದುಕೊಂಡೇ ಭಾನುವಾರಗಳಲ್ಲಿ ಅನುಭವಿ ಫೋಟೋಗ್ರಾಫರ್ ಒಬ್ಬರಿಗೆ ಎರಡನೆಯವರಾಗಿ ಹೋಗಿ. ಒಂದು ಸೀಸನ್, ಎಂಟು ಹತ್ತು ಮದುವೆ. ಹಣ ಕಡಿಮೆ ಸಿಗುತ್ತದೆ, ಕೆಲವರು ಬ್ಯಾಗ್ ಹೊರಿಸುತ್ತಾರೆ. ಆದರೆ ಜವಾಬ್ದಾರಿ ನಿಮ್ಮ ತಲೆ ಮೇಲೆ ಇರುವುದಿಲ್ಲ, ತಪ್ಪು ಮಾಡಿ ಕಲಿಯಲು ಜಾಗ ಇರುತ್ತದೆ. ಹೋಗುವ ಮೊದಲೇ ನೀವು ತೆಗೆದ ಫೋಟೋ ನಿಮ್ಮ ಹೆಸರಿನಲ್ಲಿ ತೋರಿಸಬಹುದಾ ಎಂದು ಕೇಳಿಕೊಳ್ಳಿ. ನೀವು ಹೆಣ್ಣುಮಗಳಾಗಿರುವುದು ಇಲ್ಲಿ ಒಂದು ಬಲ. ಮದುಮಗಳಿಗೆ ಸೀರೆ ಉಡಿಸುವ ಕೋಣೆಯಲ್ಲಿ, ಪತ್ತಾಕ್ (ಕೊಡವರ ತಾಳಿ) ಕಟ್ಟುವಾಗ ಅಮ್ಮನ ಕಣ್ಣು ತುಂಬುವ ಹೊತ್ತಿನಲ್ಲಿ ನಮ್ಮಂಥ ಗಂಡಸರು ಬಾಗಿಲ ಹೊರಗೆ ನಿಂತಿರುತ್ತೇವೆ. ಆ ಕೋಣೆಗೆ ಸಾಮಾನ್ಯವಾಗಿ ಒಂದು ಕಿಟಕಿ ಇದ್ದೇ ಇರುತ್ತದೆ. ಟ್ಯೂಬ್‌ಲೈಟ್ ಆರಿಸಿ, ಕಿಟಕಿ ಪಕ್ಕ ಕೂರಿಸಿ.

ಸ್ವಂತ ಕೆಲಸ ಒಪ್ಪಿಕೊಳ್ಳುವಾಗ, ನೆಂಟರದಾದರೂ ಸರಿ, ಒಂದು ಹಾಳೆಯಲ್ಲಿ ಬರೆಯಿರಿ: ಯಾವ ದಿನ, ಎಷ್ಟು ಹೊತ್ತು, ಎಷ್ಟು ಫೋಟೋ, ಯಾವಾಗ ಕೊಡುವುದು, ಎಷ್ಟು ಹಣ, ಎಷ್ಟು ಮುಂಗಡ. ಕಾರ್ಡ್ ಎರಡು ಇರಲಿ. ಮನೆಗೆ ಬಂದ ರಾತ್ರಿಯೇ ಎರಡು ಹಾರ್ಡ್ ಡಿಸ್ಕಿಗೆ ಇಳಿಸಿ, ಅಲ್ಲಿಯವರೆಗೆ ಮಲಗಬೇಡಿ. ನಾನು ಒಮ್ಮೆ ಬೆಳಿಗ್ಗೆ ನೋಡೋಣ ಎಂದು ಮಲಗಿದೆ. ಬೆಳಿಗ್ಗೆ ಕಾರ್ಡ್ ತೆರೆಯಲಿಲ್ಲ. ಆ ಮನೆಯ ಅಜ್ಜ ಮುಂದಿನ ವರ್ಷ ತೀರಿಕೊಂಡರು. ಮೊಮ್ಮಗನನ್ನು ಹರಸಿದ ಅವರ ಒಂದು ಫೋಟೋನೂ ಆ ಮನೆಯಲ್ಲಿ ಇಲ್ಲ. ಆ ದಾರಿಯಲ್ಲಿ ಹೋಗುವಾಗ ಈಗಲೂ ನೆನಪಾಗುತ್ತದೆ.

ಲೆನ್ಸ್ ಕಾಪಾಡುವುದೂ ನಮ್ಮ ಊರಿನಲ್ಲಿ ಕೆಲಸದ ಭಾಗವೇ. ಮಳೆಗಾಲದಲ್ಲಿ ಬ್ಯಾಗಿನೊಳಗೆ ಇಟ್ಟು ಬೀರುವಿನಲ್ಲಿ ಮುಚ್ಚಿದರೆ ಎರಡು ತಿಂಗಳಲ್ಲಿ ಗಾಜಿನ ಮೇಲೆ ಬೂಷ್ಟು ಬೇರು ಬಿಡುತ್ತದೆ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮಾಪಕ ಸಾಕು. ಮಾಪಕ ಶೇಕಡಾ 40ರಿಂದ 50ರೊಳಗೆ ಇರಬೇಕು. ಅಕ್ಕಿಯಲ್ಲಿ ಹೂತಿಡುವವರಿದ್ದಾರೆ, ಬೇಡ, ಪುಡಿ ಒಳಗೆ ಹೋಗುತ್ತದೆ. ಹೊರಗಿನ ಚಳಿಯಿಂದ ಜನ ತುಂಬಿದ ಬೆಚ್ಚನೆಯ ಹಾಲ್‌ಗೆ ಬಂದ ಕೂಡಲೇ ಲೆನ್ಸ್ ಮಬ್ಬಾಗುತ್ತದೆ. ಒರೆಸಿದರೂ ಮತ್ತೆ ಬರುತ್ತದೆ. ಬ್ಯಾಗಿನ ಜಿಪ್ ತೆಗೆಯದೆ ಅರ್ಧ ಗಂಟೆ ಮೊದಲೇ ಹಾಲ್‌ನೊಳಗೆ ಇಟ್ಟುಬಿಡಿ.

ಕೊನೆಗೆ ಅಕ್ಕನ ಫೋಟೋ. ನೀವು ಸೆನ್ಸರಿನ ಕಚ್ಚಾ ಮಾಹಿತಿ ಇರುವ ರಾ ಫೈಲ್‌ಗಳನ್ನೂ ಉಳಿಸಿಕೊಂಡಿದ್ದೀರಿ, ಅದು ದೊಡ್ಡ ಪುಣ್ಯ. ಐನ್‌ಮನೆಯ ಬೆರಕೆ ಫೋಟೋಗಳನ್ನು ಕಪ್ಪು ಬಿಳುಪಿಗೆ ತಿರುಗಿಸಿ ನೋಡಿ. ಬಣ್ಣದ ಜಗಳ ಅಲ್ಲಿಗೇ ನಿಲ್ಲುತ್ತದೆ. ಅಕ್ಕ ದೀಪದ ಮುಂದೆ ಕಣ್ಣು ಮುಚ್ಚಿದ ಫೋಟೋ ನಾನು ಹಾಗೆ ಮಾಡಿ ನೋಡಿದೆ, ಅದನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಬಹುದು. ಕುಪ್ಯದ ಬೂದಿ ಒಂದು ಸ್ಟಾಪ್ ಏರಿಸಿದರೆ ಬಿಳಿ ಆಗುತ್ತದೆ. ಸೀರೆಯ ಕೆಂಪನ್ನು ರಾ ಫೈಲಿನಲ್ಲಿ ತಗ್ಗಿಸಿದರೆ ಜರಿ ಸ್ವಲ್ಪ ವಾಪಸ್ ಬರುತ್ತದೆ. ಪಟ್ಟೆ ಬಿದ್ದವುಗಳಲ್ಲಿ ಅಗಲವಾದವನ್ನು ಬಿಟ್ಟುಬಿಡಿ, ಒಂದು ಮುಖಕ್ಕೆ ಹತ್ತಿರದಿಂದ ಕತ್ತರಿಸಿದರೆ ಕೆಲವು ಉಳಿಯುತ್ತವೆ. ಗಂಗಾಪೂಜೆಯ ಆ ದಿನದ ಫೋಟೋ ನೆಂಟರ ಮೊಬೈಲ್‌ಗಳಲ್ಲಿ ಖಂಡಿತ ಇರುತ್ತವೆ. ನಾಚಿಕೆ ಬಿಟ್ಟು ಕೇಳಿ ತನ್ನಿ. ಎಲ್ಲ ಸೇರಿ ಅರವತ್ತು ಫೋಟೋ ಆದರೂ ಸಾಕು, ಒಂದು ಸಣ್ಣ ಆಲ್ಬಂ ಮಾಡಿಸಿ.

ಅದಕ್ಕೆ ಮೊದಲು ಇವತ್ತು ಸಂಜೆ ಅಕ್ಕನಿಗೆ ನೀವೇ ಫೋನ್ ಮಾಡಿ. ಎಷ್ಟು ಸರಿ ಬಂದಿದೆ, ಎಷ್ಟು ಬಂದಿಲ್ಲ ಎಂದು ಇದ್ದದ್ದು ಇದ್ದ ಹಾಗೆ ಹೇಳಿ. ಆ ಕಪ್ಪು ಬಿಳುಪು ಫೋಟೋ ಒಂದನ್ನು ಮೊದಲು ಕಳಿಸಿಕೊಡಿ.